ಭೋಗಿ ಪಲ್ಯೆ ಹಿತ್ತಲಿಂದಲೇ ಬರಲಿ

ಭೋಗಿಯ ದಿನ ನಮ್ಮ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೊಂದು ಮುದ್ದೆ ಬೆಣ್ಣೆ, ಜೋಡಿಗೆ ಆ ಕಾಲದ ಕಾಯಿಪಲ್ಯೆಗಳನ್ನೆಲ್ಲ ಕೂಡಿಸಿ ಮಾಡಿದ ಪಲ್ಯೆ. ಕೆಲವು ವರ್ಷಗಳ ಹಿಂದೆ ಉಣ್ಣುತ್ತ ಕೂತವನು ಸುಮ್ಮನೆ ಲೆಕ್ಕ ಹಾಕಿದೆ. ಬದನೆ, ಅವರೆ, ಗಜ್ಜರಿ, ಹಸಿ ಕಡಲೆ, ಉಳ್ಳಾಗಡ್ಡಿ ತೊಪ್ಪಲು, ಮೆಂತ್ಯ, ಹಸಿ ಬಳ್ಳೊಳ್ಳಿ, ಕೊತ್ತಂಬರಿ, ಕರಿಬೇವು, ಒಟ್ಟು ಒಂಬತ್ತು. ಅದರಲ್ಲಿ ನಮ್ಮ ಹಿತ್ತಲಿನದು ಕರಿಬೇವು ಒಂದೇ. ಉಳಿದದ್ದೆಲ್ಲ ಸಂತೆಯದು. ಮನೆಯ ಹಿಂದೆ ಎರೆಭೂಮಿ, ಕೂಗಳತೆಯಲ್ಲಿ ಕೃಷ್ಣೆ, ಆದರೂ ಈ ಗತಿ. ಅಂದಿನಿಂದ ಹಿತ್ತಲಿನ ಪಂಚಾಂಗವನ್ನು ಭೋಗಿಯಿಂದ ಹಿಂದಕ್ಕೆ ಎಣಿಸುವ ರೂಢಿ ಮಾಡಿಕೊಂಡೆ. ನಮ್ಮ ಯಡೂರಿನಂಥ ಹೊಳೆದಂಡೆಯ ಊರಿಗೆ ಇದಕ್ಕಿಂತ ಸುಲಭದ ಲೆಕ್ಕ ನನಗೆ ಸಿಕ್ಕಿಲ್ಲ.

ಭೋಗಿ ಬರುವುದು ಜನವರಿ 13ಕ್ಕೊ 14ಕ್ಕೊ. ಗಜ್ಜರಿಗೆ 90ರಿಂದ 100 ದಿನ ಬೇಕು, ಅಂದರೆ ಬೀಜ ಅಕ್ಟೋಬರ್ ಮೊದಲ ವಾರದಲ್ಲೇ ಮಣ್ಣಿಗೆ ಬಿದ್ದಿರಬೇಕು. ಬದನೆಯ ಸಸಿ ಮಡಿಯಲ್ಲಿ ಒಂದು ತಿಂಗಳು, ನಾಟಿ ಮಾಡಿದ ಮೇಲೆ ಕಾಯಿಗೆ ಇನ್ನೆರಡು ತಿಂಗಳು. ಹಾಗಾಗಿ ಅದರ ಬೀಜ ಸೆಪ್ಟೆಂಬರ್ ಕೊನೆಗೆ. ಹಸಿ ಕಡಲೆಗೆ ಎಂಬತ್ತು ದಿನದ ಆಚೀಚೆ, ಆದ್ದರಿಂದ ಅಕ್ಟೋಬರ್ ಮಧ್ಯದ ಹೊತ್ತಿಗೆ. ಸಣ್ಣ ಉಳ್ಳಾಗಡ್ಡಿಯನ್ನೂ ಬಳ್ಳೊಳ್ಳಿಯ ಎಸಳನ್ನೂ ತೊಪ್ಪಲಿಗಾಗಿ ಊರುವುದಾದರೆ ನವೆಂಬರ್ ಕೊನೆಯ ವಾರ ಸಾಕು. ಕೊತ್ತಂಬರಿ ಡಿಸೆಂಬರ್ ಮೊದಲ ವಾರ, ಮೆಂತ್ಯ ಎರಡನೆಯ ವಾರ. ಅವರೆಯ ಮಾತು ಮಾತ್ರ ಬೇರೆ. ನಮ್ಮ ಹಳೇ ಬಳ್ಳಿ ಅವರೆ ಹಗಲು ಕುಗ್ಗದೆ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಹಾಕಿ, ಆಗಸ್ಟ್‌ನಲ್ಲಿ ಹಾಕಿ, ಅದು ಕಣ್ಣು ತೆರೆಯುವುದು ಚಳಿ ಬಿದ್ದ ಮೇಲೆಯೇ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿಸಿದವರಿಗೆ ಮಾತ್ರ ಭೋಗಿಗೆ ಅವರೆ.

ಇದನ್ನು ಓದುವ ಹೊತ್ತಿಗೆ ಗಜ್ಜರಿಯ ದಿನ ದಾಟಿಹೋಗಿದ್ದರೆ ಬೇಜಾರು ಬೇಡ. ಈಗಲೂ ಹಾಕಿ, ಭೋಗಿಗೆ ಸಿಗದಿದ್ದರೆ ಶಿವರಾತ್ರಿಗೆ ಸಿಗುತ್ತದೆ. ಫೆಬ್ರುವರಿಯ ಬಿಸಿಲು ಏರುವ ಮುನ್ನ ಗಡ್ಡೆ ಬಲಿಯುವಂತಿದ್ದರೆ ಆಯಿತು.

ಗಜ್ಜರಿಗೆ ನಮ್ಮ ಎರೆಮಣ್ಣು ಅಷ್ಟಾಗಿ ಒಗ್ಗುವುದಿಲ್ಲ. ಹಸಿ ಇದ್ದಾಗ ಅಂಟು, ಒಣಗಿದಾಗ ಇಟ್ಟಿಗೆ. ಬೇರು ನೆಟ್ಟಗೆ ಇಳಿಯಲಾಗದೆ ಎರಡು ಕಾಲು, ಮೂರು ಕಾಲು ಒಡೆಯುತ್ತದೆ. ಗೇಣುದ್ದ ಎತ್ತರದ ಏರುಮಡಿ ಮಾಡಿ, ಮಣ್ಣಿನ ಅರ್ಧದಷ್ಟು ಹೊಳೆಯ ಮರಳನ್ನೂ ಹಳೇ ತಿಪ್ಪೆಗೊಬ್ಬರವನ್ನೂ ಬೆರೆಸಿದರೆ ಗಡ್ಡೆ ನೆಟ್ಟಗೆ ಬರುತ್ತದೆ. ಗೊಬ್ಬರ ಹಳೆಯದೇ ಇರಲಿ. ಹಸಿ ಸಗಣಿಗೊಬ್ಬರ ಹಾಕಿದರೆ ಗಜ್ಜರಿಯೂ ಮೂಲಂಗಿಯೂ ಕವಲೊಡೆದು ಮೈತುಂಬ ಬೇರು ಬಿಡುತ್ತವೆ. ಕೊತ್ತಂಬರಿಯನ್ನು ಇಡೀ ಕಾಳಾಗಿ ಬಿತ್ತುವವರು ಈಗಲೂ ಇದ್ದಾರೆ. ಆ ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿ ಅಡಿಯಲ್ಲೊ ಒರಳುಗಲ್ಲಿನಲ್ಲೊ ಹಗುರಾಗಿ ಉಜ್ಜಿ ಇಬ್ಭಾಗ ಮಾಡಿ, ರಾತ್ರಿ ನೆನೆಸಿ ಬಿತ್ತಿ. ಮೆಂತ್ಯವನ್ನು ಒಂದೇ ಸಲ ಮಡಿ ತುಂಬ ಎರಚಬೇಡಿ. ಹತ್ತು ದಿನಕ್ಕೊಂದು ಸಾಲಿನಂತೆ ಹಾಕಿದರೆ ಬೇಸಿಗೆಯವರೆಗೆ ಅಡುಗೆಮನೆಗೆ ಕೊರತೆಯಿಲ್ಲ.

ಟೊಮ್ಯಾಟೊ ಹಾಕುವವರಿಗೆ ಒಂದು ಸಲಹೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವಂಥದ್ದು. ಔಷಧಿ ಹೊಡೆಯಲು ಮನಸ್ಸಿಲ್ಲದ ಹಿತ್ತಲಿಗೆ ಇದು ಅನುಕೂಲ.

ನಮ್ಮ ಕಡೆಯ ಹಿತ್ತಲುಗಳ ನಿಜವಾದ ಕಷ್ಟ ಚಳಿಯಲ್ಲ. ಮುಂಜಾನೆ 12-13 ಡಿಗ್ರಿಗೆ ಇಳಿದರೂ ಇಲ್ಲಿ ಹಿಮ ಬೀಳುವುದಿಲ್ಲ, ಗಿಡ ಸುಟ್ಟುಹೋಗುವುದಿಲ್ಲ. ಕಷ್ಟ ಇರುವುದು ಸವಳಿನಲ್ಲಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನಲ್ಲಿ ದಶಕಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಜಮೀನು ಸವಳು-ಜವಳಾಗಿದೆ. ಮಳೆಗಾಲದಲ್ಲಿ ಅದು ಕಾಣುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಮೇಲ್ಮಣ್ಣು ಆರತೊಡಗಿದಾಗ ಉಪ್ಪು ಮೇಲೇರಿ ಮಡಿಯ ಏಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕೂರುತ್ತದೆ. ಆ ಬಿಳುಪು ಕಂಡಲ್ಲಿ ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಹಾಕಿ ಕೈ ಸುಟ್ಟುಕೊಳ್ಳಬೇಡಿ, ಅವು ಉಪ್ಪು ತಾಳುವುದಿಲ್ಲ. ಅಲ್ಲಿ ಬೀಟ್‌ರೂಟ್ ಹಾಕಿ, ಪಾಲಕ ಹಾಕಿ. ಬೋರಿನ ನೀರು ಬಾಯಿಗೆ ತುಸು ಉಪ್ಪು ಅನ್ನಿಸಿದರೆ ಹೊಳೆಯ ನೀರನ್ನೇ ಬಳಸಿ. ದಿನಾ ಚೂರು ಚೂರು ನೀರು ಚಿಮುಕಿಸುವುದು ಸವಳನ್ನು ಮೇಲಕ್ಕೆ ಕರೆದಂತೆ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಟ್ಟು, ಬಸಿದು ಹೋಗಲು ಪಕ್ಕದಲ್ಲೊಂದು ಕಾಲುವೆ ತೋಡಿ.

ಪ್ರವಾಹ ಉಂಡ ಹಿತ್ತಲುಗಳದು ಇನ್ನೊಂದು ಬಗೆ. 2005, 2019, 2021ರಲ್ಲಿ ಹೊಳೆ ಮನೆಯೊಳಗೇ ಬಂದದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಕಲ್ಲೋಳ-ಯಡೂರು ಬ್ಯಾರೇಜಂತೂ ಮಳೆಗಾಲ ಜೋರಾದರೆ ಮುಳುಗುವುದೇ. ನೀರು ಇಳಿದ ಮೇಲೆ ಉಳಿಯುವ ನುಣ್ಣನೆಯ ರೇವೆಮಣ್ಣು ಫಲವತ್ತೇನೋ ಹೌದು, ಆದರೆ ಹಾಗೇ ಬಿಟ್ಟರೆ ಹಪ್ಪಳದಂತೆ ಹೆಪ್ಪುಗಟ್ಟಿ ಕೆಳಗಿನ ಮಣ್ಣಿಗೆ ಗಾಳಿ ಹೋಗಗೊಡುವುದಿಲ್ಲ. ಬಿತ್ತುವ ಮೊದಲು ಗುದ್ದಲಿಯಿಂದ ಕೆಳಮಣ್ಣಿನೊಡನೆ ಬೆರೆಸಲೇಬೇಕು.

ಇನ್ನು ಎರೆ ಬಿರುಕು. ಚಳಿಗಾಲದ ಒಣಗಾಳಿಗೆ ನೆಲ ಬಾಯ್ಬಿಟ್ಟರೆ ಬೇರುಗಳು ಹರಿಯುತ್ತವೆ, ಬಿರುಕಿನಿಂದ ತೇವ ಆರುತ್ತದೆ. ವಾರಕ್ಕೊಮ್ಮೆ ಕುರ್ಚಿಗಿಯಿಂದ ಮೇಲ್ಮಣ್ಣು ಕೆದರಿ ಪುಡಿ ಮಾಡಿ ಬಿರುಕು ಮುಚ್ಚುವುದು ಹಳೇ ಉಪಾಯ. ಅದಕ್ಕಿಂತ ಒಳ್ಳೆಯದು ಹೊದಿಕೆ, ಅದಕ್ಕೆ ಬೇಕಾದ ಕಬ್ಬಿನ ಒಣಗರಿ, ಅಂದರೆ ರವದಿ, ನಮ್ಮಲ್ಲಿ ದಂಡಿಯಾಗಿದೆ. ನವೆಂಬರಿಗೆ ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಗುತ್ತದೆ, ಗ್ಯಾಂಗಿನವರು ಕಬ್ಬು ಕಡಿದು ಟ್ರ್ಯಾಕ್ಟರಿಗೆ ಹೇರಿ ಹೋಗುತ್ತಾರೆ, ಸಂಜೆಗೆ ಯಜಮಾನ ರವದಿಗೆ ಕಡ್ಡಿ ಗೀರುತ್ತಾನೆ. ಇಡೀ ಚಳಿಗಾಲ ನಮ್ಮೂರ ಆಕಾಶದಲ್ಲಿ ಆ ಹೊಗೆ. ಸುಡುವ ಮೊದಲು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾಲ್ಕು ಹೊರೆ ತಂದು ಸಣ್ಣಗೆ ಕಡಿದು ಬದನೆ, ಟೊಮ್ಯಾಟೊ, ಮೆಣಸಿನ ಗಿಡಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರವಿ. ಮೇಲೆ ಸಗಣಿ ನೀರು ಚಿಮುಕಿಸಿ. ಒಣ ರವದಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಎಲೆ ಹಳದಿಯಾಗುತ್ತದೆ, ಸಗಣಿ ಆ ಕೊರತೆ ತುಂಬುತ್ತದೆ. ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿದ ಗಸಿ, ಅಂದರೆ ಪ್ರೆಸ್‌ಮಡ್, ಸಿಕ್ಕಿದರೂ ಒಳ್ಳೆಯದೇ. ಆದರೆ ತಾಜಾ ರಾಶಿಯೊಳಗೆ ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಇನ್ನೂ ಎರಡು-ಮೂರು ತಿಂಗಳು ಕೊಳೆಯಬೇಕು. ಬಿಸಿ ಪ್ರೆಸ್‌ಮಡ್ ಸಸಿಯ ಬೇರು ಬೇಯಿಸಿಬಿಡುತ್ತದೆ.

ನೀರು ಮುಂಜಾನೆಯೇ ಕೊಡಿ, ಎಲೆಗಲ್ಲ, ಬುಡಕ್ಕೆ. ಹೊಳೆಯ ಕಡೆಯಿಂದ ಬರುವ ಮಂಜು ಎಂಟು ಗಂಟೆಯಾದರೂ ಎಲೆ ಮೇಲೆ ಕೂತಿರುತ್ತದೆ. ಸಂಜೆಯೂ ಎಲೆ ತೋಯಿಸಿದರೆ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಬೆಂಡೆ, ಸೌತೆ, ಕುಂಬಳದ ಎಲೆ ಮೇಲೆ ವಿಭೂತಿ ಉದುರಿಸಿದಂತೆ ಕಂಡರೆ ಅದು ಬೂದಿರೋಗ. ಮೊದಲ ಚುಕ್ಕೆಗಳಲ್ಲೇ ಆ ಎಲೆ ಕಿತ್ತು ಹಾಕಿ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲು ಬಿದ್ದ ಮೇಲೆ ವಾರಕ್ಕೊಮ್ಮೆ ಸಿಂಪಡಿಸಿ. ತಡವಾದರೆ ಹಾಲು ಹಾಳು.

ಮಾವಿನ ಮರವಿದ್ದವರು ನವೆಂಬರ್, ಡಿಸೆಂಬರ್‌ನಲ್ಲಿ ಅದಕ್ಕೆ ನೀರು ತೋರಿಸಬೇಡಿ. ಬಾಯಾರಿಸಿದರೇ ಹೂ. ಕಾಳುಗಾತ್ರದ ಕಾಯಿ ಕಚ್ಚಿದ ಮೇಲೆ ನೀರು.

ಈಗ ಹುಳದ ಮಾತು. ಡಿಸೆಂಬರ್‌ನಲ್ಲಿ ಅವರೆಯ ಕುಡಿ, ಕುಸುಬೆ, ಮೂಲಂಗಿಯ ಹೂದಂಟು ಎಲ್ಲದರ ಮೇಲೂ ಸಸ್ಯಹೇನು ಕಪ್ಪಗೆ, ಹಸುರಾಗಿ ಮುತ್ತಿಕೊಳ್ಳುತ್ತದೆ. ನೋಡಿದ ಕೂಡಲೇ ಪಂಪು ಹೆಗಲಿಗೇರಿಸುವುದು ನಮ್ಮ ಚಟ. ಒಂದು ನಿಮಿಷ ಬಗ್ಗಿ ನೋಡಿ. ಹೇನಿನ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಬೂದು-ಕಪ್ಪು ಮೈಯ, ಕಿತ್ತಳೆ ಚುಕ್ಕೆಗಳ, ಮೊನಚು ಬಾಲದ, ಆರು ಕಾಲಿನ ಒಂದು ಪ್ರಾಣಿ ತೆವಳುತ್ತಿರುತ್ತದೆ. ಥೇಟ್ ನಮ್ಮ ಹೊಳೆಯ ಮೊಸಳೆಯೇ ಕುಗ್ಗಿ ಎಲೆ ಹತ್ತಿದಂತೆ. ಅದು ಗುಲಗಂಜಿ ಹುಳದ ಮರಿ. ದೊಡ್ಡದಾದಾಗ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಹೊತ್ತು ಚೆಂದ ಕಾಣುವುದರಿಂದ ಅದನ್ನು ಯಾರೂ ಕೊಲ್ಲುವುದಿಲ್ಲ. ಆದರೆ ಮರಿಯನ್ನು ಕೀಡೆಯೆಂದು ಉಗುರಲ್ಲಿ ಹೊಸಕುತ್ತಾರೆ. ನಾನೂ ಎಷ್ಟೋ ಹೊಸಕಿದ್ದೇನೆ. ಒಂದು ಮರಿ ಬೆಳೆದು ದೊಡ್ಡದಾಗುವ ಎರಡು-ಮೂರು ವಾರಗಳಲ್ಲಿ ನೂರಾರು ಹೇನು ತಿನ್ನುತ್ತದೆ. ಕುಡಿಗೆ ಎರಡು ಮರಿ ಕಂಡರೂ ಸಾಕು, ವಾರ ಸುಮ್ಮನಿರಿ. ಮರಿಗಳು ಇಲ್ಲದೆ ಹೇನೇ ತುಂಬಿದ್ದರೆ ನೀರಿನ ಜೋರು ಧಾರೆಗೆ ಅರ್ಧ ಉದುರುತ್ತವೆ. ಅದಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ. ಲೀಟರ್ ನೀರಿಗೆ 50 ಗ್ರಾಂ ಬೀಜ ಕುಟ್ಟಿ ಹಾಕಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಕರಗಿಸಿ, ಸಂಜೆ ನಾಲ್ಕರ ಸುಮಾರಿಗೆ ಹೊಡೆಯಿರಿ. ಕಡುಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ಕತ್ತಲಾದ ಮೇಲೆ ಹೊಡೆದರೆ ಎಲೆ ಒಣಗುವುದಿಲ್ಲ.

ನಿಪ್ಪಾಣಿ ಸೀಮೆಯಲ್ಲಿ ಬೀಡಿ ತಂಬಾಕು ಬೆಳೆಯುವುದರಿಂದ ತಂಬಾಕಿನ ಪುಡಿ ನೆನೆಸಿದ ನೀರು ಹೊಡೆಯುವ ಚಾಳಿ ಇನ್ನೂ ಇದೆ. ಮನೆಯಲ್ಲಿ ಮಾಡಿದ್ದು, ಔಷಧಿ ಅಂಗಡಿಯದಲ್ಲ, ಆದ್ದರಿಂದ ನಿರಪಾಯ ಎಂಬ ಭಾವನೆ. ಅದು ಅಪ್ಪಟ ವಿಷ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಗುಲಗಂಜಿ ಮರಿಯನ್ನೂ ಜೇನನ್ನೂ ಬಿಡುವುದಿಲ್ಲ. ನಾಳೆ ಕಿತ್ತು ಪಲ್ಯೆ ಮಾಡುವ ಮೆಂತ್ಯದ ಮೇಲೆ ಅದನ್ನು ಎರಚುವುದು ಬುದ್ಧಿಯ ಕೆಲಸವಲ್ಲ. ಇನ್ನೊಂದು ಅಪಾಯ ಅನೇಕರ ಗಮನಕ್ಕೆ ಬಂದಿಲ್ಲ. ತಂಬಾಕಿನ ಎಲೆಯಲ್ಲಿ ಮೊಸಾಯಿಕ್ ಎಂಬ ನಂಜಾಣು ಇರಬಹುದು, ಒಣಗಿದ ಎಲೆಯಲ್ಲೂ ಅದು ಬದುಕಿರುತ್ತದೆ. ತಂಬಾಕು ಮುಟ್ಟಿದ ಕೈಯಿಂದ ಟೊಮ್ಯಾಟೊ, ಮೆಣಸಿನ ಸಸಿ ಮುಟ್ಟಿದರೆ ಅವಕ್ಕೆ ಅಂಟುತ್ತದೆ. ಹೊಲದಿಂದ ಬಂದವರು, ತಂಬಾಕು ತಿಕ್ಕುವವರು ಸಾಬೂನಿನಿಂದ ಕೈ ತೊಳೆದೇ ಸಸಿ ನಾಟಿ ಮಾಡಿ.

ಹಿತ್ತಲಿನ ಒಂದು ಮೂಲೆಯಲ್ಲಿ ಹಾಸಿಗೆಯಷ್ಟಗಲ ಕಡಲೆ ಹಾಕಿ. ಅದರಷ್ಟು ಖುಷಿ ಕೊಡುವ ಚಳಿಗಾಲದ ಬೆಳೆ ಇನ್ನೊಂದಿಲ್ಲ. ಗಿಡಕ್ಕೆ 30-35 ದಿನವಾದಾಗ ಕುಡಿ ಚಿವುಟಬೇಕು. ಚಿವುಟಿದಷ್ಟೂ ಟಿಸಿಲು ಒಡೆಯುತ್ತದೆ, ಟಿಸಿಲಿದ್ದಷ್ಟೂ ಕಾಯಿ. ಚಿವುಟಿದ್ದು ಆ ಹೊತ್ತಿನ ಕಡಲೆ ಪಲ್ಯೆ, ರೊಟ್ಟಿಗೆ ಅದರಂಥ ಜೋಡಿಯಿಲ್ಲ. ಎಲೆಯ ಮೇಲಿನ ಹುಳಿಯನ್ನು ಮಕ್ಕಳಿಗೆ ನೆಕ್ಕಿಸಿ. ಹಿಂದೆ ರಾತ್ರಿ ಕಡಲೆಯ ಮೇಲೆ ತೆಳು ಬಟ್ಟೆ ಹಾಸಿ, ಇಬ್ಬನಿಯಲ್ಲಿ ಕರಗಿದ ಆ ಹುಳಿಯನ್ನು ಮುಂಜಾನೆ ಹಿಂಡಿ ಬಾಟಲಿಗೆ ತುಂಬುತ್ತಿದ್ದರು, ಹೊಟ್ಟೆನೋವಿಗೆ ಮದ್ದೆಂದು.

ಹೂ ಬಂದು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹಸಿರು ಕೀಡೆ ಹಾಜರು. ತಲೆಯನ್ನು ಕಾಯಿಯೊಳಗೆ ತೂರಿ ಮೈಯನ್ನು ಹೊರಗೆ ಬಿಟ್ಟುಕೊಂಡು ತಿನ್ನುತ್ತಿರುತ್ತದೆ. ಇಲ್ಲಿ ನಮ್ಮ ಕೂಲಿಯಾಳುಗಳು ಹಕ್ಕಿಗಳು. ಉತ್ತರ ಕರ್ನಾಟಕದ ಕಡಲೆ ಹೊಲಗಳಲ್ಲಿ ಚುರುಮುರಿ ಎರಚುವ ಪದ್ಧತಿ ಇದೆ. ಬೆಳ್ಳನೆಯ ಕಾಳು ನೋಡಿ ಗೊರವಂಕ, ಬೆಳ್ಳಕ್ಕಿ ಇಳಿಯುತ್ತವೆ, ಇಳಿದ ಮೇಲೆ ಕೀಡೆ ಕಣ್ಣಿಗೆ ಬೀಳದೆ ಇರುತ್ತದೆಯೇ? ಕೃಷಿ ಇಲಾಖೆಯವರೂ ಇದನ್ನು ಹೇಳಿಕೊಡುತ್ತಾರೆ. ನನಗಂತೂ ಇದು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದರ ತಂಗಿಯಂತೆ ಕಾಣುತ್ತದೆ. ಹಿತ್ತಲಿಗೆ ಒಂದು ಹಿಡಿ ಚುರುಮುರಿ ಸಾಕು, ಹೊತ್ತು ಮೂಡಿದ ಕೂಡಲೇ ಎರಚಿ. ಜೊತೆಗೆ ಗಿಡಕ್ಕಿಂತ ಎರಡು ಅಡಿ ಎತ್ತರಕ್ಕೆ ಬರುವಂತೆ ಕವಲುಕೋಲು ನಾಲ್ಕೈದು ನೆಡಿ. ಕಾಜಾಣ ಅದರ ಮೇಲೇ ಕೂತು ಹೊಂಚು ಹಾಕುತ್ತದೆ. ಕಾಳು ಬಲಿತ ಮೇಲೆ ಕೋಲು ಕಿತ್ತುಬಿಡಿ, ಇಲ್ಲದಿದ್ದರೆ ಗಿಳಿಗಳಿಗೆ ನಾವೇ ಕುರ್ಚಿ ಹಾಕಿಕೊಟ್ಟಂತಾಗುತ್ತದೆ.

ಈ ಕಾಲದಲ್ಲಿ ಬರುವ ಅತಿಥಿಗಳೂ ಇದ್ದಾರೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆ, ಬಿಳಿ ಸಿಪಿಲೆ ದೂರದ ಉತ್ತರದ ನಾಡುಗಳಿಂದ ಬಂದವು. ಹೊಸದಾಗಿ ನೀರು ಬಿಟ್ಟ ಮಡಿಯ ಸಣ್ಣ ಹುಳ, ನೊಣ, ಸೊಳ್ಳೆ ಅವುಗಳ ಊಟ. ಗುಲಾಬಿ ಮೈನಾಗಳ ಹಿಂಡು ಜೋಳ ಹಾಲುಗಾಳಾಗುವಾಗ ಬಂದು ಎರಗುತ್ತದೆ, ರೈತ ಅದನ್ನು ಬೈಯುವುದರಲ್ಲಿ ತಪ್ಪೇನಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆಗೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ನಮ್ಮ ಹಿತ್ತಲಿಗೆ ಅಷ್ಟು ದೊಡ್ಡ ನೆಂಟರು ಬರುವುದಿಲ್ಲ. ಅಂಗೈಯಗಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಿದರೆ ಸಿಪಿಲೆ, ಪಿಕಳಾರ, ಸೂರಕ್ಕಿ ಬಂದೇ ಬರುತ್ತವೆ.

ಕಬ್ಬು ಕಡಿದ ಹೊಲದಿಂದ ಬರುವವರು ಮಾತ್ರ ಬೇರೆ ಜಾತಿಯವರು. ವರ್ಷವಿಡೀ ಕಬ್ಬಿನೊಳಗೆ ಸುಖವಾಗಿದ್ದ ಇಲಿಗಳು ಒಂದೇ ರಾತ್ರಿಯಲ್ಲಿ ಮನೆ-ಹಿತ್ತಲಿಗೆ ನುಗ್ಗುತ್ತವೆ. ಹಿಂದೆಯೇ ಹಾವು. ಚಳಿಗಾಲದಲ್ಲಿ ಹಾವು ಮಲಗಿರುತ್ತದೆ ಎಂದು ನಂಬಿ ಕೂರಬೇಡಿ. ಕೊಳಕುಮಂಡಲ, ನಮ್ಮ ಗಡಿಯ ಮರಾಠಿಯಲ್ಲಿ ಘೋಣಸ, ಜೊತೆಗೂಡುವುದೇ ಈ ಕಾಲದಲ್ಲಿ. ಕಂದು ಮೈಮೇಲೆ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ದಪ್ಪ ಮೈ, ಕುಕ್ಕರ್ ಹಬೆ ಬಿಟ್ಟಂಥ ಬುಸುಗುಡುವಿಕೆ. ಹೆಬ್ಬಾವಿನ ಮರಿ ಎಂದು ಕೈಹಾಕಿ ಕೆಟ್ಟವರಿದ್ದಾರೆ. ಅದು ಎಳೆಬಿಸಿಲಿಗೆ ಅಲ್ಲಾಡದೆ ಬಿದ್ದಿರುತ್ತದೆ, ಒಣ ರವದಿಯ ಬಣ್ಣವೂ ಅದರ ಬಣ್ಣವೂ ಒಂದೇ.

ಮೇಲೆ ನಾನೇ ರವದಿ ಹೊದಿಸಿ ಎಂದೆನಲ್ಲ, ಅದಕ್ಕೇ ಈ ಎಚ್ಚರಿಕೆ. ಹೊದಿಕೆ ನಾಲ್ಕು ಬೆರಳಿಗಿಂತ ದಪ್ಪ ಬೇಡ, ನಡೆದಾಡುವ ದಾರಿ, ಬಚ್ಚಲು, ಹಿತ್ತಲ ಬಾಗಿಲಿನ ಎರಡು ಮಾರು ಸುತ್ತ ನೆಲ ಬರಿದಾಗಿರಲಿ. ರವದಿಯ ರಾಶಿಯನ್ನೂ ಕಟ್ಟಿಗೆಯನ್ನೂ ಗೋಡೆಗೆ ಒರಗಿಸಿ ಇಡಬೇಡಿ. ಕೈ ಹಾಕುವ ಮೊದಲು ಕೋಲಿನಿಂದ ಎತ್ತಿ ನೋಡಿ. ಒಮ್ಮೆ ನಮ್ಮವ್ವ ಮೆಂತ್ಯ ಕೀಳಲು ಬಗ್ಗಿದವಳು ಕೈ ಹಿಂದಕ್ಕೆಳೆದು, "ಏ ತಮ್ಮಾ, ಈ ಹಗ್ಗ ಇಲ್ಲಿ ಯಾರ ಒಗದಾರೋ?" ಅಂದಳು. ಹಗ್ಗ ತಾನಾಗಿ ಸರಿದುಹೋಯಿತು. ಅಂದಿನಿಂದ ಅವ್ವ ಹಿತ್ತಲಿಗೆ ಬೂಟು ಹಾಕಿಕೊಂಡೇ ಇಳಿಯುತ್ತಾಳೆ, ಊರು ನಕ್ಕರೂ.

ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿ ಘೋಷಿಸಿತು. ಮಂತ್ರ ಹಾಕಿಸಲು ಹೋಗಿ ಕಳೆಯುವ ಒಂದು ತಾಸು ಕೊಳಕುಮಂಡಲದ ವಿಷಕ್ಕೆ ಬಹಳ ದೊಡ್ಡ ತಾಸು.

ಹಾವು ಬಾರದಿರಲು ಇಲಿ ಬಾರದಿರಬೇಕು. ಇಲಿಗೆ ಪಾಷಾಣ ಇಡುವುದು ಸುಲಭ, ಆದರೆ ಆ ಪಾಷಾಣ ತಿಂದ ಇಲಿ ಕೂಡಲೇ ಸಾಯದೆ ತೂಕಡಿಸುತ್ತ ಬಯಲಿಗೆ ಬರುತ್ತದೆ, ಅದನ್ನು ಹಿಡಿದ ಗೂಬೆಯೂ ಬೆಕ್ಕೂ ಜೊತೆಗೇ ಹೋಗುತ್ತವೆ. ಹಳೇ ವಾಡೆಯ ಗೋಡೆಯ ಪೊಟರೆಗಳಲ್ಲಿ ಗೂಡು ಮಾಡುವ ಬಿಳಿಮುಖದ ಕಣಜ ಗೂಬೆ ಮರಿ ಸಾಕುವಾಗ ರಾತ್ರಿಯೊಂದಕ್ಕೆ ಹಲವು ಇಲಿ ಹೊರುತ್ತದೆ. ಹಾಲಕ್ಕಿಯೂ ಅದರ ದಾಯಾದಿಯೇ. ಗೂಬೆ ಮನೆ ಮೇಲೆ ಕೂತರೆ ಅಪಶಕುನ ಎನ್ನುವವರು ಧಾನ್ಯದ ಚೀಲದಲ್ಲಿ ಇಲಿ ಕೂತಾಗ ಏನೆನ್ನುತ್ತಾರೋ. ಬೋನು ಇಡಿ, ಅದರೊಳಗೆ ಒಣ ಕೊಬ್ಬರಿ ಚೂರು. ಕಬ್ಬು ಕಡಿಯುವಾಗ ಹೊಲದಲ್ಲಿ ಬೆಕ್ಕಿನ ಮರಿಯಂಥವು ಸಿಕ್ಕರೆ ಎತ್ತಿ ಮನೆಗೆ ತರಬೇಡಿ. ಅವು ಕಾಡುಬೆಕ್ಕಿನ ಮರಿಗಳಿರಬಹುದು, ಚಿರತೆಯವೂ ಆಗಿರಬಹುದು. ಇದ್ದಲ್ಲೇ ಬಿಟ್ಟು ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ತಾಯಿ ರಾತ್ರಿ ಬಂದು ಒಯ್ಯುತ್ತದೆ. ಹಿತ್ತಲು ಹೊಳೆಗೇ ತಾಗಿರುವವರು ಕೊಡ ತುಂಬಲು ಮುಸ್ಸಂಜೆಗೆ ದಂಡೆಯಲ್ಲಿ ಕೂರಬಾರದು. ಹಗಲಲ್ಲೂ ಎಚ್ಚರ ಬೇಕು, ಈ ದಿನಗಳಲ್ಲಿ ಮೊಸಳೆಗಳು ಬಿಸಿಲು ಕಾಯಿಸಲು ಮರಳಿಗೆ ಏರುತ್ತವೆ.

ಕೊನೆಗೆ ಜೇನು. ಬೇಲಿಯ ದಾಸವಾಳದಲ್ಲೊ ಮದರಂಗಿಯಲ್ಲೊ ಅಂಗೈಯಷ್ಟೇ ದೊಡ್ಡ ಕೋಲುಜೇನಿನ ಹುಟ್ಟು ಕಂಡರೆ ಹೊಗೆ ಹಾಕಿ ಓಡಿಸಬೇಡಿ. ಅದು ಕೆಣಕದೆ ಕಚ್ಚುವುದು ಅಪರೂಪ. ಹತ್ತಿರದಿಂದ ನೋಡಿ, ಹುಟ್ಟು ಕಟ್ಟಿದ ಕಡ್ಡಿಯ ಎರಡೂ ಬದಿಗೆ ಇರುವೆ ದಾಟದಂತೆ ಅಂಟಿನ ಉಂಗುರ ಬಳಿದಿರುತ್ತದೆ. ಸೌತೆ, ಕುಂಬಳ, ಹೀರೆ ಕಾಯಿ ಕಚ್ಚುವುದು ಇವುಗಳಿಂದಲೇ. ಚಳಿಗಾಲದಲ್ಲಿ ಅವುಗಳಿಗೂ ಮೇವು ಬೇಕು. ಹೂಬಿಟ್ಟ ಕೊತ್ತಂಬರಿ ಅವುಗಳಿಗೆ ಬಲು ಇಷ್ಟ, ಮರಿಯಾಗಿದ್ದಾಗ ಹೇನು ತಿನ್ನುವ ಹೂನೊಣಗಳಿಗೂ. ಭೋಗಿಗೆ ಪಲ್ಯೆಗೆಂದು ಕೊತ್ತಂಬರಿ ಕೀಳುವಾಗ ಒಂದು ಸಾಲನ್ನು ಮುಟ್ಟಬೇಡಿ. ಶಿವರಾತ್ರಿಯವರೆಗೆ ಅದು ಹೂವಾಗಿ ನಿಲ್ಲಲಿ, ಆಮೇಲೆ ಅದರ ಕಾಳನ್ನೇ ಮುಂದಿನ ವರ್ಷದ ಬಿತ್ತನೆಗೆ ಎತ್ತಿಡಿ.